ಭೂಮಿಯ ತಂಪಿಗೂ ಒಂದು ಮೀಟರ್ ಬೇಡವೇ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ತಿಂಗಳು ನಿಮ್ಮ ಪತ್ರಿಕೆಯಲ್ಲಿ ಮಣ್ಣಿನೊಳಗಿನ ತಂಪಿನಿಂದ ನಡೆಯುವ ಎಸಿ ಬಗ್ಗೆ ಒಂದು ಬರಹ ಬಂದಿತ್ತು. ಗ್ರೌಂಡ್ ಸೋರ್ಸ್ ಹೀಟ್ ಪಂಪ್ ಅಂತ ಅದರ ಹೆಸರು. ಬರಹ ಚೆನ್ನಾಗಿತ್ತು, ಫೋಟೊ ಇನ್ನೂ ಚೆನ್ನಾಗಿತ್ತು. ಆದರೆ ನಡುವೆ ಒಂದು ಕಡೆ "ಕರೆಂಟ್ ಬಿಲ್ಲಿನಲ್ಲಿ ಮುಕ್ಕಾಲು ಪಾಲು ಉಳಿತಾಯ" ಅಂತ ಒಂದು ಸಾಲು ಇತ್ತು ನೋಡಿ, ಅಲ್ಲಿಗೆ ಬಂದು ನಾನು ಪೇಪರ್ ಮಡಚಿಟ್ಟೆ. ಅಳೆದವರು ಯಾರು? ಯಾವ ಮೀಟರಿನಲ್ಲಿ? ಎಷ್ಟು ದಿನ? ಮುಕ್ಕಾಲು ಪಾಲು ಅಂದರೆ ಯಾವುದರ ಮುಕ್ಕಾಲು? ಹಳೇ ಬಿಲ್ಲಿನದ್ದೋ, ಕಂಪನಿಯವನ ಬಾಯಿಯದ್ದೋ? ಬರಹದಲ್ಲಿ ಒಂದಕ್ಕೂ ಉತ್ತರ ಇರಲಿಲ್ಲ.

ನಾನು ಲೇಖಕನಲ್ಲ. ಪೆರ್ಲದ ಹತ್ತಿರ ಸ್ವಲ್ಪ ಅಡಿಕೆ ತೋಟ ಇಟ್ಟುಕೊಂಡು ಕೂತವನು. ಅದಕ್ಕೆ ಮೊದಲು 19 ವರ್ಷ ಗಲ್ಫಿನಲ್ಲಿ ಎಸಿ ಕೆಲಸ ಮಾಡಿದ್ದೆ. ನಮ್ಮ ಕಾಸರಗೋಡಿನಲ್ಲಿ ಇದೇನು ದೊಡ್ಡ ಸುದ್ದಿ ಅಲ್ಲ ಬಿಡಿ, ಮನೆಗೊಬ್ಬರು ಅಲ್ಲಿಗೆ ಹೋದವರೇ. ಅಲ್ಲಿ ದೊಡ್ಡ ದೊಡ್ಡ ಕಟ್ಟಡಗಳಿಗೆ ತಣ್ಣೀರು ಒಂದೇ ಕಡೆಯಿಂದ ಪೈಪಿನಲ್ಲಿ ಬರುತ್ತದೆ, ಒಂದೊಂದು ಫ್ಲ್ಯಾಟಿಗೂ ಒಂದೊಂದು ಬಿಟಿಯು ಮೀಟರ್ ಇರುತ್ತದೆ, ಎಷ್ಟು ತಂಪು ಎಳೆದುಕೊಂಡಿರೋ ಅಷ್ಟಕ್ಕೆ ದುಡ್ಡು. ತಂಪನ್ನೂ ಹಾಲಿನ ಹಾಗೆ ಅಳೆದು ಮಾರುತ್ತಾರೆ ಅಂತ ಊರಲ್ಲಿ ಹೇಳಿದರೆ ಆಗ ಯಾರೂ ನಂಬುತ್ತಿರಲಿಲ್ಲ. ಆ ಮೀಟರುಗಳನ್ನು ಬಿಚ್ಚಿ, ತೊಳೆದು, ಮತ್ತೆ ಕೂರಿಸಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಹಾಗಾಗಿ ಈ ವಿಷಯದಲ್ಲಿ ಸುಮ್ನೆ ಕೂರಲು ಆಗಲಿಲ್ಲ.

ಮೊದಲು ಈ ಯಂತ್ರ ಏನು ಮಾಡುತ್ತದೆ ಅಂತ ಹೇಳಿಬಿಡುತ್ತೇನೆ, ಗೊತ್ತಿದ್ದವರು ದಾಟಿ ಹೋಗಬಹುದು. ಫ್ರಿಜ್ಜಿನ ಹಿಂದೆ ಕೈ ಇಟ್ಟರೆ ಬಿಸಿ ತಾಗುತ್ತದೆ ಅಲ್ವಾ? ಒಳಗಿನ ಬಿಸಿಯನ್ನು ಹೊರಗೆ ತಂದು ಹಾಕುವ ಕೆಲಸ ಅದು. ಎಸಿ ಕೂಡ ಅಷ್ಟೇ, ಕೋಣೆಯ ಬಿಸಿಯನ್ನು ಹೊರಗಿನ ಗಾಳಿಗೆ ದಬ್ಬುತ್ತದೆ. ಗಾಳಿಗೆ ದಬ್ಬುವ ಬದಲು ಮಣ್ಣಿಗೆ ದಬ್ಬಿದರೆ ಅದು ಗ್ರೌಂಡ್ ಸೋರ್ಸ್. ಬೋರ್ ಕೊರೆದು ಅದರೊಳಗೆ ಯು ಆಕಾರದ ಪ್ಲಾಸ್ಟಿಕ್ ಪೈಪ್ ಇಳಿಸುತ್ತಾರೆ, ಅದರಲ್ಲಿ ನೀರು ಸುತ್ತುತ್ತಾ ಇರುತ್ತದೆ, ನೀರು ಮೇಲಿನಿಂದ ಬಿಸಿ ಹೊತ್ತುಕೊಂಡು ಇಳಿದು ಕೆಳಗೆ ಬಿಟ್ಟು ಬರುತ್ತದೆ. ಚಳಿದೇಶಗಳಲ್ಲಿ ಇದೇ ಆಟವನ್ನು ತಿರುಗಿಸಿ ಆಡುತ್ತಾರೆ, ಮಣ್ಣಿನ ಬಿಸಿಯನ್ನು ಮನೆಯೊಳಗೆ ತರುತ್ತಾರೆ. ಹೊಸ ವಿದ್ಯೆಯೇನೂ ಅಲ್ಲ. ಸ್ವಿಟ್ಜರ್ಲೆಂಡಿನ ಹೈನ್ರಿಚ್ ಝೋಲಿ ಎಂಬವರು 1912ರಲ್ಲೇ ಇದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದರು.

ಮಣ್ಣೇ ಯಾಕೆ ಅಂದರೆ, ನಮ್ಮ ಸುರಂಗಗಳನ್ನು ನೋಡಿ. ಬಾಯಾರು, ಪಡ್ರೆ ಕಡೆ ಗುಡ್ಡೆಯ ಮುರಕಲ್ಲಿನಲ್ಲಿ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ, ನೀರಿಗಾಗಿ ಅಡ್ಡ ಕೊರೆದ ಸುರಂಗಗಳು ಎಷ್ಟಿವೆ! ಡಿಸೆಂಬರ್ ಬೆಳಗ್ಗೆ ಅದರ ನೀರಿಗೆ ಕೈ ಹಾಕಿದರೆ ಉಗುರು ಬೆಚ್ಚಗೆ, ಏಪ್ರಿಲ್ ಮಧ್ಯಾಹ್ನ ಹಾಕಿದರೆ ತಣ್ಣಗೆ ಹಿತ. ನೀರಿನ ಬಿಸಿ ಎರಡು ಸಲವೂ ಹೆಚ್ಚುಕಡಿಮೆ ಒಂದೇ, 27-28 ಡಿಗ್ರಿ. ಬದಲಾದದ್ದು ನಮ್ಮ ಕೈ. ಅಷ್ಟು ಆಳದಲ್ಲಿ ಮಣ್ಣಿಗೆ ಬೇಸಿಗೆ ಮಳೆಗಾಲದ ಗೊಡವೆ ಇಲ್ಲ. ಇದು ಒಳ್ಳೆಯ ಗುಣ, ಒಪ್ಪುತ್ತೇನೆ. ಆದರೆ ಸ್ವೀಡನ್ನಿನಲ್ಲಿ ಹೊರಗೆ ಮೈನಸ್ 10 ಇರುವಾಗ ಮಣ್ಣಿನೊಳಗೆ 7-8 ಡಿಗ್ರಿ ಸಿಕ್ಕಿದರೆ ಅದು ಲಾಟರಿ. ನಮ್ಮಲ್ಲಿ ಹೊರಗೆ 33, ಒಳಗೆ 28. ಲಾಭ ಇದೆ, ಲಾಟರಿ ಅಲ್ಲ. ಆ ಐದು ಡಿಗ್ರಿಯ ಲಾಭವನ್ನು ಯಾರಾದರೂ ದಾರಿಯಲ್ಲಿ ತಿಂದುಹಾಕಿದರೆ ಏನೂ ಉಳಿಯುವುದಿಲ್ಲ. ತಿಂದವರು ಯಾರು ಅಂತ ಮೀಟರ್ ಇಲ್ಲದೆ ಗೊತ್ತೂ ಆಗುವುದಿಲ್ಲ.

ನಮ್ಮ ಭಾವನ ಹೋಂಸ್ಟೇಯಲ್ಲಿ ಆದದ್ದು ಇದೇ.

ಭಾವ ಅಂದರೆ ಅಕ್ಕನ ಗಂಡ. ಆರು ಕೋಣೆಗಳ ಹೋಂಸ್ಟೇ. ಮೂರು ವರ್ಷದ ಹಿಂದೆ ದೂರದ ಊರಿನ ಒಂದು ಕಂಪನಿಯವರು ಬಂದು, ಹಿತ್ತಿಲಲ್ಲಿ 80 ಮೀಟರ್ ಆಳದ ನಾಲ್ಕು ಬೋರ್ ಕೊರೆದು, ಪೈಪ್ ಇಳಿಸಿ, ಯಂತ್ರ ಕೂರಿಸಿ, ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟು ಹೋದರು. ಕೋಣೆಗೆ ತಂಪು, ಅದರಿಂದ ಹೊರಬರುವ ಬಿಸಿಯಲ್ಲಿ ಸ್ವಲ್ಪ ಸ್ನಾನದ ನೀರಿಗೆ. ಕೇಳಲು ಎಷ್ಟು ಚೆಂದ. ಒಂದು ಯೂನಿಟ್ ಕರೆಂಟಿಗೆ ನಾಲ್ಕು ಯೂನಿಟ್ ತಂಪು ಅಂತ ಮಾತು. ಇದನ್ನು ಈ ಕೆಲಸದವರು ಸಿಒಪಿ ಅನ್ನುತ್ತಾರೆ, ಸಿಒಪಿ ನಾಲ್ಕು.

ಮೊದಲ ಬೇಸಿಗೆಯ ಎರಡು ತಿಂಗಳ ಬಿಲ್ ಬಂದಾಗ ಭಾವ ನನಗೆ ಫೋನ್ ಮಾಡಿದರು. "ಒಮ್ಮೆ ಬಂದು ಹೋಗು. ಆ್ಯಪ್ ನಾಲ್ಕು ಅಂತ ತೋರಿಸ್ತದೆ, ಬಿಲ್ ಬೇರೆಯೇ ಹೇಳ್ತದೆ." ಕಂಪನಿಗೆ ಹೇಳಿದ್ದರಂತೆ. ಅವರು ಅಲ್ಲೇ ಕೂತು ಆ್ಯಪ್ ನೋಡಿ "ಸಾರ್, ಸಿಸ್ಟಮ್ ಪರ್ಫೆಕ್ಟ್" ಅಂದರಂತೆ. ಆಗ ನನಗೂ ತೋಟದ ಕೆಲಸ, ಹೋಗಲು ಆಗಲಿಲ್ಲ. ಕಳೆದ ವರ್ಷ ಫೆಬ್ರವರಿಯಲ್ಲಿ ಹೋದೆ.

ರಾತ್ರಿ ಊಟ ಆಗಿ ಜಗಲಿಯಲ್ಲಿ ಕೂತಿದ್ದೆವು. ಆ ದಿನ ಅತಿಥಿಗಳು ಯಾರೂ ಇರಲಿಲ್ಲ, ಆರೂ ಕೋಣೆ ಖಾಲಿ, ಎಸಿ ಎಲ್ಲ ಆಫ್. ಜೀರುಂಡೆ ಸದ್ದಿನ ನಡುವೆ ಹಿತ್ತಿಲ ಕಡೆಯಿಂದ ಸಣ್ಣಗೆ ಗುಂಯ್ ಅಂತ ಒಂದು ಸದ್ದು. "ಅದೆಂತ ಸದ್ದು?" ಅಂತ ಕೇಳಿದೆ. "ಅದು ಯಾವಾಗಲೂ ಹಾಗೇ ಇರ್ತದೆ" ಅಂದರು ಭಾವ. ಟಾರ್ಚ್ ಹಿಡಿದು ಹೋದರೆ ಕಂಪ್ರೆಸರ್ ನಿಂತಿದೆ, ಆದರೆ ಬೋರಿಗೆ ನೀರು ಕಳಿಸುವ ಪಂಪ್ ಓಡುತ್ತಾ ಇದೆ. ತಂತಿಗೆ ಸಿಕ್ಕಿಸಿ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಹಾಕಿ ನೋಡಿದೆ, ಸುಮಾರು 500 ವಾಟ್. ದಿನಕ್ಕೆ 24 ಗಂಟೆ, ಅಂದರೆ 12 ಯೂನಿಟ್. ಕೋಣೆಗಳಿಗೆ ತಣ್ಣೀರು ಸುತ್ತಿಸುವ ಪಂಪ್ ಬೇರೆ, 250 ವಾಟ್, ಅದೂ ನಿಂತಿರಲಿಲ್ಲ, ಅದು ಇನ್ನು 6 ಯೂನಿಟ್. ಒಬ್ಬ ಗಿರಾಕಿ ಇಲ್ಲದ ದಿನವೂ 18 ಯೂನಿಟ್ ಸುಮ್ನೆ ಹಿತ್ತಿಲಲ್ಲಿ ಸುತ್ತಾಡಿ ಬರುತ್ತಿತ್ತು. ಅದರ ಮೇಲೆ, ಪಂಪಿನ ಕರೆಂಟ್ ಕೊನೆಗೆ ಬಿಸಿಯಾಗಿ ಅದೇ ನೀರಿಗೇ ಸೇರುತ್ತದೆ, ತಣ್ಣಗಾಗಬೇಕಾದ ನೀರಿಗೆ.

ಹಾಗಾದರೆ ಆ್ಯಪ್ ಸುಳ್ಳು ಹೇಳಿತ್ತಾ? ಇಲ್ಲ. ಅದು ಕಂಪ್ರೆಸರಿನ ಲೆಕ್ಕ ಮಾತ್ರ ಹೇಳುತ್ತಿತ್ತು. ಪಂಪ್ ಎರಡೂ ಅದರ ಲೆಕ್ಕದ ಬೇಲಿಯಿಂದ ಹೊರಗೆ. ಅಡಿಕೆಯವರಿಗೆ ಇದು ಬೇಗ ಅರ್ಥ ಆಗುತ್ತದೆ: ಕಿಲೋಗೆ ಇಷ್ಟು ಅಂದರೆ ಸಾಕಾ, ಸಿಪ್ಪೆ ಸಮೇತ ತೂಗಿದ್ದೋ ಸುಲಿದು ತೂಗಿದ್ದೋ ಅಂತ ಕೇಳುವುದಿಲ್ಲವಾ? ಯುರೋಪಿನಲ್ಲಿ ಸೆಪೆಮೊ ಅನ್ನುವ ಯೋಜನೆಯವರು ಇದಕ್ಕೆಂದೇ ನಾಲ್ಕು ಗೆರೆ ಎಳೆದಿಟ್ಟಿದ್ದಾರೆ. ಮೊದಲ ಗೆರೆಯೊಳಗೆ ಯಂತ್ರ ಮಾತ್ರ. ಎರಡನೆಯದರಲ್ಲಿ ಮಣ್ಣಿನ ಕಡೆಯ ಪಂಪ್ ಸೇರುತ್ತದೆ. ಮೂರನೆಯದರಲ್ಲಿ ಕರೆಂಟಿನ ಹೀಟರ್ ಇದ್ದರೆ ಅದೂ. ನಾಲ್ಕನೆಯದರಲ್ಲಿ ಮನೆಯೊಳಗೆ ನೀರು ಹರಿಸುವ ಪಂಪ್ ಕೂಡ. ಯಂತ್ರ ಒಂದೇ, ಮನೆ ಒಂದೇ, ಗೆರೆ ಹೊರಗೆ ಹೋದ ಹಾಗೆ ಸಂಖ್ಯೆ ಇಳಿಯುತ್ತಾ ಹೋಗುತ್ತದೆ. ಮಾರುವವನು ಮೊದಲ ಗೆರೆಯ ಸಂಖ್ಯೆ ಹೇಳುತ್ತಾನೆ. ಬಿಲ್ ಬರುವುದು ನಾಲ್ಕನೆಯ ಗೆರೆಯ ಲೆಕ್ಕದಲ್ಲಿ.

ಪಂಪಿನ ವಿಷಯ ಗೊತ್ತಾದ ಕೂಡಲೇ ಭಾವ "ಈಗಲೇ ಒಂದು ರಿಲೇ ಹಾಕಿ ನಿಲ್ಲಿಸು" ಅಂದರು. ನಾನು ಒಪ್ಪಲಿಲ್ಲ. ಮೊದಲು ಈಗಿನ ಸ್ಥಿತಿ ಎಷ್ಟು ಕೆಟ್ಟದ್ದು ಅಂತ ಬರೆದಿಟ್ಟುಕೊಳ್ಳೋಣ, ಇಲ್ಲದಿದ್ದರೆ ರಿಪೇರಿ ಆದ ಮೇಲೆ ಎಷ್ಟು ಉಳಿಯಿತು ಅಂತ ಹೇಗೆ ಹೇಳುವುದು? ನಾವೂ ಆ ಕಂಪನಿಯವರ ಹಾಗೆ ಬಾಯಿಲೆಕ್ಕವೇ ಹೇಳಬೇಕಾಗುತ್ತದೆ. ಭಾವನಿಗೆ ಸಿಟ್ಟು ಬಂತು, ದಿನಕ್ಕೆ 18 ಯೂನಿಟ್ ಹೋಗುವುದನ್ನು ನೋಡುತ್ತಾ ಕೂರುವುದು ಎಂತ ಕರ್ಮ ಅಂತ. ಬರಲಿ ಬಿಡಿ.

ಇನ್ನು ತಂಪನ್ನು ಅಳೆಯುವುದು ಹೇಗೆ. ಹಾಲಿನ ಸೊಸೈಟಿಯಲ್ಲಿ ಲೀಟರ್ ಮಾತ್ರ ನೋಡಿ ದುಡ್ಡು ಕೊಡುತ್ತಾರಾ? ಫ್ಯಾಟ್ ಕೂಡ ನೋಡುತ್ತಾರೆ. ಇಲ್ಲಿ ಲೀಟರ್ ಅಂದರೆ ಪೈಪಿನಲ್ಲಿ ಹರಿಯುವ ನೀರು, ಫ್ಯಾಟ್ ಅಂದರೆ ಹೋಗುವ ನೀರಿಗೂ ಬರುವ ನೀರಿಗೂ ಇರುವ ಡಿಗ್ರಿ ವ್ಯತ್ಯಾಸ. ಎರಡನ್ನೂ ಗುಣಿಸಬೇಕು. ನಿಮಿಷಕ್ಕೆ ಒಂದು ಲೀಟರ್ ನೀರು ಒಂದು ಡಿಗ್ರಿ ಬದಲಾದರೆ ಸುಮಾರು 0.07 ಕಿಲೋವಾಟ್. ಭಾವನ ಯಂತ್ರದಲ್ಲಿ ನಿಮಿಷಕ್ಕೆ 30 ಲೀಟರ್, ವ್ಯತ್ಯಾಸ 5 ಡಿಗ್ರಿ, ಹತ್ತೂವರೆ ಕಿಲೋವಾಟ್ ತಂಪು. ಹೀಟ್ ಮೀಟರ್ ಅಂದರೆ ಇಷ್ಟೇ, ಒಂದು ನೀರಿನ ಮೀಟರ್, ಎರಡು ಟೆಂಪರೇಚರ್ ಸೆನ್ಸರ್, ಮತ್ತು ಗುಣಿಸಿ ಕೂಡಿಸುವ ಒಂದು ಡಬ್ಬಿ. ಎಸಿ ಲೋಕದಲ್ಲಿ ಇದನ್ನೇ ಬಿಟಿಯು ಮೀಟರ್ ಅನ್ನುವುದು.

ಸುಲಭ ಅನ್ನಿಸುತ್ತದೆ, ಅಲ್ವಾ? ಎಡವುವುದೂ ಇಲ್ಲೇ. ಸರಿಯಾದ ಮೀಟರ್ ಬರುವವರೆಗೆ ನಾನು ಕೈಯಲ್ಲಿದ್ದ ಎರಡು ಸೆನ್ಸರ್‌ಗಳನ್ನು ಪೈಪಿಗೆ ಟೇಪ್ ಸುತ್ತಿ ಕಟ್ಟಿದೆ. ಏಳು ಡಿಗ್ರಿ ವ್ಯತ್ಯಾಸ ಒಂದು ಸಲ, ನಾಲ್ಕು ಇನ್ನೊಂದು ಸಲ. ಅನುಮಾನ ಬಂತು. ಅಕ್ಕನ ಹತ್ತಿರ ಚಹಾದ ಫ್ಲಾಸ್ಕ್ ಕೇಳಿದೆ, ಸ್ಟೀಲಿನದ್ದು, ಹಳೇದು. ಅದರಲ್ಲಿ ಬಾವಿ ನೀರು ತುಂಬಿಸಿ, ಎರಡೂ ಸೆನ್ಸರ್‌ಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಜೋಡಿಸಿ ಒಟ್ಟಿಗೆ ಮುಳುಗಿಸಿ, ಬಾಯಿಗೆ ಬಟ್ಟೆ ತುರುಕಿ ಹದಿನೈದು ನಿಮಿಷ ಬಿಟ್ಟೆ. ಒಂದೇ ಫ್ಲಾಸ್ಕ್, ಒಂದೇ ನೀರು, ಒಂದು ಸೆನ್ಸರ್ 27.1 ಅನ್ನುತ್ತದೆ, ಇನ್ನೊಂದು 27.9. ಇಲ್ಲದ 0.8 ಡಿಗ್ರಿಯನ್ನು ಇವು ಹುಟ್ಟಿಸುತ್ತಿದ್ದವು. 5 ಡಿಗ್ರಿ ವ್ಯತ್ಯಾಸ ಅಳೆಯಲು ಹೊರಟವನಿಗೆ 0.8 ತಪ್ಪಾದರೆ ನೂರಕ್ಕೆ 16 ತಪ್ಪು. ಸಿಒಪಿ 3.1 ಅಂದುಕೊಂಡದ್ದು 2.6 ಇರಬಹುದು, 3.6 ಕೂಡ ಇರಬಹುದು. ಅಕ್ಕನಿಗೆ ಮಾತ್ರ ಆ ಫ್ಲಾಸ್ಕಿನಲ್ಲಿ ಮತ್ತೆ ಚಹಾ ಹಾಕಲು ಮನಸ್ಸು ಬರಲಿಲ್ಲ, ಸೆನ್ಸರಿಗೆ ಗ್ರೀಸ್ ಇತ್ತಂತೆ.

ಅದಕ್ಕೇ ಒಳ್ಳೆಯ ಹೀಟ್ ಮೀಟರುಗಳ ಸೆನ್ಸರ್ ಬಿಡಿಬಿಡಿಯಾಗಿ ಬರುವುದಿಲ್ಲ, ಕಾರ್ಖಾನೆಯಲ್ಲೇ ಒಂದಕ್ಕೊಂದು ತಾಳೆ ನೋಡಿದ ಜೋಡಿಯಾಗಿ ಬರುತ್ತವೆ. ಒಂದು ಕೆಟ್ಟರೆ ಎರಡನ್ನೂ ಬದಲಾಯಿಸಬೇಕು. ಯುರೋಪಿನ ಇಎನ್ 1434 ಎಂಬ ಮಾನದಂಡ ಈ ಮೀಟರುಗಳಿಗಾಗಿಯೇ ಇದೆ, ಕೊಳ್ಳುವಾಗ ಆ ಸಂಖ್ಯೆ ಇದೆಯಾ ನೋಡಿ. ಸೆನ್ಸರ್ ಪೈಪಿನ ಹೊರಗೆ ಟೇಪ್ ಹಾಕಿ ಕಟ್ಟುವುದಲ್ಲ, ಪೈಪಿನೊಳಗೆ ಹೋಗುವ ಸಣ್ಣ ಲೋಹದ ಕೊಳವೆಯಲ್ಲಿ ಕೂರಬೇಕು, ಮೇಲೆ ಇನ್ಸುಲೇಶನ್ ಬೇಕು. ನೀರಿನ ಮೀಟರಿನ ಹಿಂದೆ ಮುಂದೆ ಸ್ವಲ್ಪ ದೂರ ಪೈಪ್ ನೇರ ಇರಬೇಕು, ಎಲ್ಬೋ ಪಕ್ಕದಲ್ಲೇ ತುರುಕಿದರೆ ಲೆಕ್ಕ ತಪ್ಪುತ್ತದೆ. ಒಳಗೆ ಚಕ್ರ ತಿರುಗುವ ಮೀಟರಿಗಿಂತ ಅಲ್ಟ್ರಾಸಾನಿಕ್ ಮೀಟರ್ ಒಳ್ಳೆಯದು, ಪೈಪಿನ ತುಕ್ಕು, ಕೆಸರು ಬಂದು ಚಕ್ರ ಕಚ್ಚಿಕೊಳ್ಳುವ ಕಾಟ ಇಲ್ಲ.

ಇನ್ನೊಂದು ತಮಾಷೆ ಹೇಳಬೇಕು. ಬೋರಿನ ಪೈಪಿನಲ್ಲಿ ಆ ಕಂಪನಿಯವರು ಗ್ಲೈಕಾಲ್ ತುಂಬಿಸಿದ್ದರು. ಗ್ಲೈಕಾಲ್ ಹಾಕುವುದು ನೀರು ಹೆಪ್ಪುಗಟ್ಟದಿರಲಿ ಅಂತ. ಕಾಸರಗೋಡಿನಲ್ಲಿ ಹೆಪ್ಪುಗಟ್ಟುವುದಾ! ಚಳಿದೇಶದ ಪುಸ್ತಕದಲ್ಲಿ ಬರೆದಿತ್ತು, ಹಾಕಿದರು. ಅದು ನೀರಿಗಿಂತ ದಪ್ಪ, ಪಂಪಿಗೆ ಜಾಸ್ತಿ ಕೆಲಸ, ಮತ್ತೆ ನೀರಿನಷ್ಟು ಬಿಸಿ ಹೊರುವುದಿಲ್ಲ. ನೀರಿಗೆಂದು ತಯಾರಾದ ಹೀಟ್ ಮೀಟರನ್ನು ಗ್ಲೈಕಾಲ್ ಇರುವ ಪೈಪಿಗೆ ಹಾಕಿದರೆ ಅದು ತಪ್ಪು ಲೆಕ್ಕವನ್ನೇ ಧೈರ್ಯವಾಗಿ ಹೇಳುತ್ತಾ ಹೋಗುತ್ತದೆ. ಹಾಗಾಗಿ ನಾವು ಮೀಟರ್ ಹಾಕಿದ್ದು ಕೋಣೆಯ ಕಡೆಯ ಪೈಪಿಗೆ, ಅಲ್ಲಿ ಬರೀ ನೀರು.

ಮಾರ್ಚಿನಲ್ಲಿ ಮೀಟರ್ ಬಂತು. ಕಂಪ್ರೆಸರಿಗೆ ಒಂದು, ಬೋರಿನ ಪಂಪಿಗೆ ಒಂದು, ಕೋಣೆಯ ಪಂಪಿಗೆ ಒಂದು, ಸ್ನಾನದ ನೀರಿನ ಟ್ಯಾಂಕಿಗೆ ಒಂದು, ಹೀಗೆ ಕರೆಂಟ್ ಮೀಟರ್ ನಾಲ್ಕು ಬೇರೆ ಬೇರೆ. ಏನನ್ನೂ ಮುಟ್ಟದೆ ಒಂದು ವಾರ ಹಾಗೇ ಬಿಟ್ಟೆವು. ಒಂದು ಸಾಮಾನ್ಯ ದಿನದ ಲೆಕ್ಕ ಹೇಳುತ್ತೇನೆ. ಕೋಣೆಗಳಿಗೆ ಸಿಕ್ಕ ತಂಪು 96 ಯೂನಿಟ್. ಕಂಪ್ರೆಸರ್ ತಿಂದದ್ದು 24. ಭಾಗಿಸಿ ನೋಡಿ, ಸರಿಯಾಗಿ ನಾಲ್ಕು! ಆ್ಯಪ್ ಹೇಳಿದ್ದೇ. ಬೋರಿನ ಪಂಪಿನ 12 ಸೇರಿಸಿದರೆ 2.7ಕ್ಕೆ ಇಳಿಯಿತು. ಕೋಣೆಯ ಪಂಪಿನ 6 ಸೇರಿಸಿದರೆ 2.3. ಅದೇ ದಿನ, ಅದೇ ಯಂತ್ರ.

ನಾಲ್ಕನೆಯ ಮೀಟರ್ ಮಾತ್ರ ನಮ್ಮಿಬ್ಬರನ್ನೂ ಬೆಚ್ಚಿಬೀಳಿಸಿತು. ಸ್ನಾನದ ನೀರು ಯಂತ್ರದ ಬಿಸಿಯಿಂದಲೇ ಆಗುತ್ತದೆ, ಪುಕ್ಕಟೆ ಅಂತ ಭಾವ ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಆ ಮೀಟರಿನಲ್ಲಿ ದಿನಕ್ಕೆ 9 ಯೂನಿಟ್. ಟ್ಯಾಂಕಿನೊಳಗೆ 3 ಕಿಲೋವಾಟಿನ ಕಾಯಿಲ್ ಒಂದಿತ್ತು, ಯಂತ್ರ ಕೆಟ್ಟಾಗ ಇರಲಿ ಅಂತ ಇಟ್ಟದ್ದು. ಅದನ್ನು 60 ಡಿಗ್ರಿಗೆ ಸೆಟ್ ಮಾಡಿ ಆನ್ ಇಟ್ಟೇ ಹೋಗಿದ್ದರು. ಯಂತ್ರ ನೀರನ್ನು ನಿಧಾನ ಬಿಸಿ ಮಾಡುವ ಮೊದಲೇ ಕಾಯಿಲ್ ಅವಸರದಲ್ಲಿ ಮಾಡಿ ಮುಗಿಸುತ್ತಿತ್ತು. ಎರಡು ವರ್ಷಕ್ಕೆ ಹತ್ತಿರ ನೀರು ಕಾಸಿದ್ದು ಮಾಮೂಲಿ ಗೀಸರೇ, ಹೆಸರು ಮಾತ್ರ ಭೂಮಿತಾಯಿಯದ್ದು. ನೀರು ಬಿಸಿ ಬರುತ್ತಿತ್ತಲ್ಲ, ಯಾರಿಗೆ ಅನುಮಾನ ಬರಬೇಕು? ಇಂಥ ತಪ್ಪಿಗೆ ಸದ್ದಿಲ್ಲ, ವಾಸನೆ ಇಲ್ಲ. ಅತಿಥಿಗಳಿಂದ ದೂರೂ ಬರುವುದಿಲ್ಲ.

ರಿಲೇ ಹಾಕಿ, ಕಂಪ್ರೆಸರ್ ಓಡುವಾಗ ಮಾತ್ರ ಪಂಪ್ ಓಡುವ ಹಾಗೆ ಮಾಡಿದೆ. ದಿನಕ್ಕೆ ಸುಮಾರು ಒಂಬತ್ತು ಗಂಟೆ. ಸಿಒಪಿ ಪಂಪುಗಳೆಲ್ಲ ಸೇರಿ 3.1ಕ್ಕೆ ಏರಿತು. ಕಾಯಿಲಿನ ಸ್ವಿಚ್ ಆಫ್. ಎಲ್ಲ ಸೇರಿ ದಿನಕ್ಕೆ 20 ಯೂನಿಟ್ ಉಳಿಯಿತು, ಎರಡು ತಿಂಗಳ ಬಿಲ್ಲಿನಲ್ಲಿ 1200 ಯೂನಿಟ್. ಹೊಸ ಯಂತ್ರ ಇಲ್ಲ, ಹೊಸ ಬೋರ್ ಇಲ್ಲ. ನಾಲ್ಕು ಬೋರ್ ಕೊರೆಯಲು ಕೊಟ್ಟ ದುಡ್ಡಿನ ಎದುರು ಮೀಟರುಗಳ ಖರ್ಚು ಏನೇನೂ ಅಲ್ಲ. ಆದರೂ ಕಂಪನಿಯವರ ಕೊಟೇಶನ್ನಿನಲ್ಲಿ ಮೀಟರಿನ ಸಾಲೇ ಇರಲಿಲ್ಲ, ಭಾವನೂ ಕೇಳಲಿಲ್ಲ. ಅಡಿಕೆ ತೂಗುವಾಗ ತಕ್ಕಡಿ ಮುಳ್ಳಿಗೆ ಕಣ್ಣು ನೆಟ್ಟು ನಿಲ್ಲುವ ಮನುಷ್ಯ ಅವರು.

ಹಾಗಂತ ಒಂದು ವಾರ ಅಳೆದು ಮುಗಿಸುವ ಕೆಲಸ ಇದಲ್ಲ. ನನ್ನ ಮಟ್ಟಿಗೆ ಮುಖ್ಯ ಮಾತು ಇದೇ. ಚಳಿದೇಶದಲ್ಲಿ ಚಳಿಗಾಲ ಮಣ್ಣಿನಿಂದ ಬಿಸಿ ತೆಗೆಯುತ್ತಾರೆ, ಬೇಸಿಗೆಯಲ್ಲಿ ಮಣ್ಣು ಚೇತರಿಸಿಕೊಳ್ಳುತ್ತದೆ, ಕೆಲವರು ಬೇಸಿಗೆಯಲ್ಲಿ ಕೋಣೆಯ ಬಿಸಿಯನ್ನೂ ವಾಪಸ್ ತುಂಬಿಸುತ್ತಾರೆ. ಕೊಟ್ಟು ತೆಗೆದುಕೊಳ್ಳುವ ವ್ಯವಹಾರ. ನಮ್ಮಲ್ಲಿ ವರ್ಷವಿಡೀ ಬರೀ ತುಂಬಿಸುವುದೇ. ಸ್ನಾನದ ನೀರಿಗೆ ಎಳೆದುಕೊಳ್ಳುವುದು ಎಷ್ಟು ಮಹಾ? ಅದರ ಮೇಲೆ ನಮ್ಮ ಮುರಕಲ್ಲು, ನೀರು ಕುಡಿದು ನಿಂತಾಗ ಬಿಸಿಯನ್ನು ಚೆನ್ನಾಗಿ ದಾಟಿಸುತ್ತದೆ, ಏಪ್ರಿಲಿನಲ್ಲಿ ಒಣಗಿದಾಗ ತೂತುಗಳಲ್ಲೆಲ್ಲ ಗಾಳಿ ತುಂಬಿ ಬಿಸಿ ಹೋಗಲು ದಾರಿ ಕೊಡುವುದಿಲ್ಲ. ಅಂದರೆ ಎಸಿ ಜಾಸ್ತಿ ಬೇಕಾದಾಗಲೇ ಮೇಲಿನ ಮಣ್ಣು ಕೈ ಕೊಡುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಊರು ನಮ್ಮದು, ಜೂನ್ ಕಳೆದ ಮೇಲೆ ಮಣ್ಣೊಳಗೆ ನೀರು ಹರಿದು ಬಿಸಿಯನ್ನು ತೊಳೆದುಕೊಂಡು ಹೋಗುತ್ತದೆ. ಆಗ ಅಳೆದರೆ ಯಾವ ಯಂತ್ರವೂ ಜಾಣನೇ.

ಅದಕ್ಕೆ ಬೋರಿನಿಂದ ಮೇಲೆ ಬರುವ ನೀರಿನ ಬಿಸಿಯನ್ನು ದಿನಾ ಬರೆದಿಡಲು ಹೇಳಿದೆ. ಹೋಂಸ್ಟೇ ನೋಡಿಕೊಳ್ಳುವ ಹುಡುಗ ಅದನ್ನು ಶ್ರದ್ಧೆಯಿಂದ ಮಾಡಿದ. ಆ್ಯಪ್ ಇರುವುದು ಇಂಗ್ಲಿಷಿನಲ್ಲಿ, ಕಂಪನಿಯವರು ಅಂಟಿಸಿದ ಚೀಟಿ ಮಲಯಾಳದಲ್ಲಿ, ಹುಡುಗ ಓದಿದ್ದು ಕನ್ನಡ ಶಾಲೆಯಲ್ಲಿ. ನಾನೇ ಒಂದು ರಟ್ಟಿನ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದು ಪಂಪ್ ಶೆಡ್ಡಿನಲ್ಲಿ ತೂಗುಹಾಕಿದೆ: ಯಾವ ಮೀಟರ್ ಯಾವುದರದ್ದು, ಯಾವ ಸಂಖ್ಯೆ ದಾಟಿದರೆ ಫೋನ್ ಮಾಡಬೇಕು. ಬೆಳಗ್ಗೆ ಏಳಕ್ಕೆ ಒಂದು ಸಲ, ರಾತ್ರಿ ಹತ್ತಕ್ಕೆ ಒಂದು ಸಲ, ಹಳೇ ಡೈರಿಯಲ್ಲಿ ಬರೆಯುತ್ತಾನೆ. ಗಡಿಯಲ್ಲಿರುವ ನಮಗೆ ಇದು ಗೊತ್ತಿರುವ ಪಾಡೇ, ಆದರೂ ಯಂತ್ರ ನೋಡಿಕೊಳ್ಳುವವನು ಓದಲಾರದ ಚೀಟಿ ಇದ್ದೇನು ಇಲ್ಲದೇನು ಹೇಳಿ.

ಆ ಡೈರಿ ಹೇಳುವ ಕಥೆ ಹೀಗಿದೆ. ನವೆಂಬರಿನಲ್ಲಿ ಬೋರಿನಿಂದ ಬರುತ್ತಿದ್ದ ನೀರು 29-30 ಡಿಗ್ರಿ. ಏಪ್ರಿಲ್ ಕೊನೆಗೆ 36. ಏಪ್ರಿಲ್ ರಾತ್ರಿ ಎರಡು ಗಂಟೆಗೆ ಹೊರಗಿನ ಗಾಳಿ 26-27 ಇರುತ್ತದೆ. ಅತಿಥಿಗಳು ಎಸಿ ಹಾಕುವುದು ಯಾವಾಗ? ರಾತ್ರಿ! ಹೊರಗೆ 27 ಡಿಗ್ರಿಯ ಗಾಳಿ ಪುಕ್ಕಟೆ ಇರುವಾಗ ನಾವು ಕೋಣೆಯ ಬಿಸಿಯನ್ನು 36 ಡಿಗ್ರಿಯ ನೀರಿಗೆ ದಬ್ಬುತ್ತಿದ್ದೇವೆ. ಒಂದೊಂದು ಡಿಗ್ರಿ ಏರಿದರೂ ಕಂಪ್ರೆಸರಿಗೆ ನೂರಕ್ಕೆ ಎರಡು ಮೂರರಷ್ಟು ಕೆಲಸ ಜಾಸ್ತಿ. ಗೋಡೆಗೆ ಹಾಕುವ ಸಾದಾ ಇನ್ವರ್ಟರ್ ಎಸಿ ಆ ಹೊತ್ತಿಗೆ ನಮ್ಮ ಯಂತ್ರವನ್ನು ಸೋಲಿಸುತ್ತದೆ ಅಂತ ನನ್ನ ಅಂದಾಜು. ಮಧ್ಯಾಹ್ನ ಸಭೆ ನಡೆಯುವ ಹಾಲ್, ಆಸ್ಪತ್ರೆ, ಆಫೀಸು ಇಂಥ ಕಡೆ ಲೆಕ್ಕ ಬೇರೆ ಇರಬಹುದು, ಬಿಸಿನೀರು ದಿನವಿಡೀ ಬೇಕಾದ ಕಡೆಯೂ ಬೇರೆ. ವರ್ಷದ ಲೆಕ್ಕ ಕೂಡಿಸಿದಾಗ ಭಾವನ ಯಂತ್ರಕ್ಕೆ, ಪಂಪುಗಳೂ ಸೇರಿ, ಸಿಕ್ಕಿದ್ದು 2.9. ತೀರಾ ಕೆಟ್ಟದ್ದಲ್ಲ. ಮುಕ್ಕಾಲು ಪಾಲು ಉಳಿತಾಯವಂತೂ ಅಲ್ಲ.

ಇದು ನಮ್ಮೂರಿನವರ ಬುದ್ಧಿಗೇಡಿತನ ಮಾತ್ರ ಅಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ ಎನರ್ಜಿ ಸೇವಿಂಗ್ ಟ್ರಸ್ಟ್ ಎಂಬ ಸಂಸ್ಥೆ 83 ಹೀಟ್ ಪಂಪುಗಳಿಗೆ ಮೀಟರ್ ಹಾಕಿ ಒಂದು ವರ್ಷ ನೋಡಿ 2010ರಲ್ಲಿ ವರದಿ ಕೊಟ್ಟಿತು. ಮಾರುವವರು ಮೂರು, ನಾಲ್ಕು ಅನ್ನುತ್ತಿದ್ದದ್ದು ಅಲ್ಲಿ ಬಹಳ ಮನೆಗಳಲ್ಲಿ ಎರಡು ಎರಡೂವರೆಯ ಆಸುಪಾಸು ನಿಂತಿತ್ತು. ಕಾರಣಗಳೂ ನಮ್ಮವೇ: ಅಳತೆ ಹೊಂದದ ಯಂತ್ರ, ತಪ್ಪಾಗಿ ಕೂರಿಸಿದ್ದು, ಅರ್ಥವಾಗದ ಕಂಟ್ರೋಲ್ ಸ್ವಿಚ್ಚುಗಳು. ದೊಡ್ಡ ಗಲಾಟೆಯೇ ಆಯಿತು. ಆಮೇಲೆ ಅವುಗಳಲ್ಲಿ ಕೆಲವನ್ನು ಸರಿಪಡಿಸಿ ಮತ್ತೆ ಅಳೆದಾಗ ಸುಧಾರಿಸಿದವು. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯವರು ವರ್ಷಗಟ್ಟಲೆಯಿಂದ ಹಳೇ ಮನೆ, ಹೊಸ ಮನೆ ಅಂತ ಅಳೆಯುತ್ತಲೇ ಇದ್ದಾರೆ. ಹಳೇ ಮನೆಗಳ ಒಂದು ಅಧ್ಯಯನದಲ್ಲಿ ಗಾಳಿಯಿಂದ ಬಿಸಿ ತೆಗೆಯುವ ಯಂತ್ರಗಳಿಗೆ ಸರಾಸರಿ 3.1, ಮಣ್ಣಿನಿಂದ ತೆಗೆಯುವವಕ್ಕೆ 4.1 ಬಂತು. ಅಳೆಯುತ್ತಾ ತಿದ್ದುತ್ತಾ ಹೋದರೆ ನಾಲ್ಕು ಮುಟ್ಟಬಹುದು ಅಂತ ಇದರಿಂದ ಗೊತ್ತಾಗುತ್ತದೆ. ಆದರೆ ಅದು ಜರ್ಮನಿಯ ಚಳಿಯಲ್ಲಿ ಮನೆ ಬೆಚ್ಚಗಿಡುವ ಲೆಕ್ಕ. ಅದನ್ನು ಕತ್ತರಿಸಿ ತಂದು ಕುಂಬಳೆಯ ಸೆಕೆಗೆ ಅಂಟಿಸಿದರೆ ಆಗದು. ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಸ್ಟುಡೆಂಟ್‌ಹುಸೆಟ್ ಎಂಬ ಕಟ್ಟಡಕ್ಕೆ 200 ಮೀಟರ್ ಆಳದ 20 ಬೋರ್‌ಗಳಿವೆ. ಅದನ್ನು ಅಳೆದವರು ತಮ್ಮ ಸಂಖ್ಯೆಯ ಪಕ್ಕದಲ್ಲೇ ಅದು ಎಷ್ಟರ ಮಟ್ಟಿಗೆ ಅತ್ತಿತ್ತ ಆಗಬಹುದು ಅಂತಲೂ ಬರೆದಿಟ್ಟಿದ್ದಾರೆ. ನಮ್ಮ ಫ್ಲಾಸ್ಕಿನ 0.8 ಡಿಗ್ರಿಯ ಸಂಕಟ ಅವರಿಗೂ ಗೊತ್ತಿದೆ ಅಂತ ನನಗೆ ಸಮಾಧಾನ ಆಯಿತು.

ನಮ್ಮ ದೇಶದಲ್ಲೂ ಮಣ್ಣಿನ ತಂಪು ಬಳಸಿದ ಕಟ್ಟಡಗಳಿವೆ. ಗುರುಗ್ರಾಮದ ಹತ್ತಿರ ಗ್ವಾಲ್ ಪಹಾಡಿಯಲ್ಲಿ ಟೆರಿ ಎಂಬ ಇಂಧನ ಸಂಶೋಧನಾ ಸಂಸ್ಥೆಯ ತರಬೇತಿ ಕೇಂದ್ರಕ್ಕೆ ನಾಲ್ಕು ಮೀಟರ್ ಆಳದಲ್ಲಿ 70 ಮೀಟರ್ ಉದ್ದದ ಸುರಂಗಗಳಲ್ಲಿ ಗಾಳಿ ಹಾಯಿಸುತ್ತಾರೆ. ಅದರಲ್ಲಿ ಬೋರೂ ಇಲ್ಲ, ಬೋರಿಗೆ ನೀರು ತಳ್ಳುವ ಪಂಪೂ ಇಲ್ಲ, ಜಾತಿಯೇ ಬೇರೆ. ನಿಮ್ಮ ಬರಹದಲ್ಲಿ ಎರಡನ್ನೂ ಒಂದೇ ಮಾಡಿ ಬರೆದಿದ್ದರು, ಅದಕ್ಕೆ ಹೇಳಿದೆ.

ಇನ್ನು ಕೆಲವರು ಎಸಿಗೆ ಸ್ಟಾರ್ ಇದೆಯಲ್ಲ, ಅದು ಸಾಲದಾ ಅನ್ನಬಹುದು. ಆ ಸ್ಟಾರ್ ಲ್ಯಾಬಿನಲ್ಲಿ ಪರೀಕ್ಷೆ ಮಾಡಿ ಕೊಟ್ಟದ್ದು. 2018ರಿಂದ ಸ್ಪ್ಲಿಟ್ ಎಸಿಗಳಿಗೆ ಐಸೀರ್ ಎಂಬ ಲೆಕ್ಕದಲ್ಲಿ ಅದು ಕಡ್ಡಾಯ, ನಮ್ಮ ದೇಶದ ಸೆಕೆಗೆ ಹೊಂದುವ ಲೆಕ್ಕ, ಒಳ್ಳೆಯದೇ. ಅಂಗಡಿಯಿಂದ ಡಬ್ಬಿ ತಂದು ಗೋಡೆಗೆ ಹೊಡೆಯುವ ಎಸಿಗೆ ಅದು ಬಹುಪಾಲು ಸಾಕು. ಮಣ್ಣಿನ ಯಂತ್ರ ಡಬ್ಬಿಯಲ್ಲಿ ಬರುವುದಿಲ್ಲ. ಅರ್ಧ ಯಂತ್ರ ನಿಮ್ಮ ಹಿತ್ತಿಲಿನ ಮುರ, ಬಂಡೆ, ಒರತೆ. ಅದಕ್ಕೆ ಲ್ಯಾಬಿನವರು ಎಲ್ಲಿಂದ ಸ್ಟಾರ್ ಕೊಡುವುದು? ಅಳೆದರೆ ಅಲ್ಲೇ ಅಳೆಯಬೇಕು, ಮಳೆಗೂ ಬಿಸಿಲಿಗೂ ಅಳೆಯಬೇಕು.

ಇನ್ನು ಮೀಟರ್ ಇದ್ದರೂ ನೋಡುವವರು ಬೇಕು, ಅದು ಬೇರೆ ಮಾತು. ತಿಂಗಳಿಗೊಮ್ಮೆ ಒಟ್ಟು ಯೂನಿಟ್ ನೋಡಿದರೆ ಕೆಲವು ರೋಗ ಕಾಣುವುದೇ ಇಲ್ಲ. ಯಂತ್ರ ಐದೈದು ನಿಮಿಷಕ್ಕೆ ಹತ್ತಿ ಆರುತ್ತಿದೆಯಾ ಅಂತ ತಿಳಿಯಲು ನಿಮಿಷಕ್ಕೊಮ್ಮೆ ಬರೆದುಕೊಳ್ಳುವ ಲಾಗರ್ ಬೇಕು. ಅಂಥ ಯಂತ್ರದ ಕಂಪ್ರೆಸರ್ ಬೇಗ ಸಾಯುತ್ತದೆ. ಭಾವನಲ್ಲಿ ಅದನ್ನು ಇನ್ನೂ ಹಾಕಿಲ್ಲ. "ಮೊದಲು ಗ್ಲೈಕಾಲ್ ತೆಗೆಸುವ, ಆಮೇಲೆ ನೋಡುವ" ಅಂತ ಮುಂದೂಡಿದ್ದಾರೆ. ಒಬ್ಬ ಸಂಬಂಧಿಕನ ಮಾತು ಎಷ್ಟಂತ ಕೇಳುತ್ತಾರೆ ಪಾಪ.

ಸಂಪಾದಕರೇ, ನಾನು ಈ ಯಂತ್ರದ ವೈರಿ ಅಲ್ಲ. ಯಾರಾದರೂ ಹಾಕಿಸುವುದಿದ್ದರೆ ಹಾಕಿಸಲಿ. ಆದರೆ ಕೊನೆಯ ಕಂತಿನ ದುಡ್ಡು ಕೈಯಲ್ಲೇ ಇಟ್ಟುಕೊಂಡು, ಹೀಟ್ ಮೀಟರೂ ಪ್ರತಿ ಪಂಪಿಗೆ ಬೇರೆ ಕರೆಂಟ್ ಮೀಟರೂ ಇದ್ದು, ಒಂದು ಪೂರ್ತಿ ಬೇಸಿಗೆ ದಾಟಿದ ಮೇಲೆ ಕೊಡಲಿ. ಇಷ್ಟು ಯೂನಿಟ್ ಕೊಡುತ್ತದೆ ಅಂತ ಕಂಪನಿಯವನು ಬರೆದುಕೊಟ್ಟರೆ ಯಾವ ಗೆರೆಯವರೆಗೆ ಅಂತಲೂ ಬರೆಸಿಕೊಳ್ಳಲಿ. ನಾಳೆ ಸರ್ಕಾರಿ ದುಡ್ಡಿನಲ್ಲಿ ಯಾವುದಾದರೂ ಆಸ್ಪತ್ರೆಗೋ ಕಚೇರಿಗೋ ಇದು ಬಂದರೆ, ಆ ಅಂಕಿಗಳನ್ನು ಬಾಗಿಲಲ್ಲಿ ಬೋರ್ಡಿಗೆ ಹಾಕಲಿ, ಹಾಲಿನ ಸೊಸೈಟಿಯಲ್ಲಿ ದಿನದ ದರ ಹಾಕುವ ಹಾಗೆ. ನೀವೂ ಇನ್ನೊಮ್ಮೆ ಇಂಥ ಬರಹ ಹಾಕುವಾಗ ಉಳಿತಾಯದ ಸಾಲು ಬಂದ ಕಡೆ ವರದಿಗಾರರಿಗೆ ಒಂದು ಫೋನ್ ಮಾಡಿ ಮೀಟರ್ ನೋಡಿದಿರಾ ಅಂತ ಕೇಳಿ.

ನಿಮ್ಮ ಬರಹದಲ್ಲಿದ್ದ ಕಟ್ಟಡದವರ ಹತ್ತಿರ ಒಂದು ವರ್ಷದ ಅಂಕಿಗಳು ಇದ್ದರೆ ದಯವಿಟ್ಟು ಅಚ್ಚು ಹಾಕಿ, ಅದು 4 ಇದ್ದರೆ ನನಗೇ ಎಲ್ಲರಿಗಿಂತ ಜಾಸ್ತಿ ಖುಷಿ. ಇಲ್ಲದಿದ್ದರೆ ನನ್ನ ಕ್ಲಾಂಪ್ ಮೀಟರ್ ಮತ್ತು ಆ ಎರಡು ಸೆನ್ಸರ್‌ಗಳು ಈಗ ಖಾಲಿ ಕೂತಿವೆ, 0.8 ಕಳೆಯುವುದು ನೆನಪಿದ್ದರೆ ಸಾಕು. ಬಸ್ ಹತ್ತಿ ಬರುತ್ತೇನೆ. ಫ್ಲಾಸ್ಕ್ ಮಾತ್ರ ಅವರದ್ದೇ ಆಗಬೇಕು, ಅಕ್ಕ ಇನ್ನು ಕೊಡುವುದಿಲ್ಲ.

ಇತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ
ಪೆರ್ಲ ಸಮೀಪ, ಕಾಸರಗೋಡು ಜಿಲ್ಲೆ